ವ್ರತವೀರರ ಆರು ಗುರಾಣಿ

ಪವಿತ್ರ ಯೋಧರನ್ನು ಏನೆಂದು ಕರೆಯಬೇಕು ಎಂಬ ಚರ್ಚೆ ಆ ಮನೆಯಲ್ಲಿ ಶುರುವಾಗಿ ವರ್ಷ ಕಳೆಯುತ್ತ ಬಂದಿತ್ತು. ಚರ್ಚೆ ಎಂದರೆ ತಪ್ಪಾದೀತು. ಚರ್ಚೆಗೆ ಇಬ್ಬರಾದರೂ ಬೇಕು. ಇಲ್ಲಿ ಮಾತಾಡುತ್ತಿದ್ದವನು ಒಬ್ಬನೇ, ಉಳಿದವರು ಬಿಸ್ಕತ್ತು ತಿನ್ನುತ್ತಿದ್ದರು.

ಮಾತಾಡುತ್ತಿದ್ದವನಿಗೆ ಸ್ನೇಹಿತರು ಇಟ್ಟ ಅಡ್ಡಹೆಸರು ಬಿರುದಪ್ಪ. ಕಸುಬು, ಹಲ್ಲಿನ ಸೆಟ್ಟು ಮಾಡುವುದು. ಬೀದಿಯ ತುದಿಯಲ್ಲಿರುವ ಹಲ್ಲಿನ ಡಾಕ್ಟ್ರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ಮೆತ್ತಿ, ರೆಡಿಮೇಡ್ ಹಲ್ಲುಗಳನ್ನು ಸಾಲಾಗಿ ಕೂರಿಸಿ, ಕೊನೆಗೆ ಒಸಡಿನ ಬಣ್ಣದ ಗುಲಾಬಿ ಹಿಟ್ಟು ತುಂಬಿ ಕುದಿಯುವ ನೀರಿನಲ್ಲಿ ಬೇಯಿಸಿ ಕೊಡಬೇಕು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಸ್ಪಿರಿಟ್ ದೀಪ, ಕೊರೆಯುವ ಯಂತ್ರ, ಊರಿನ ಅರ್ಧ ಜನರ ದವಡೆಗಳು. ಬಾಗಿಲು ತೆರೆದೊಡನೆ ಮೇಣದ ವಾಸನೆ, ಎಲ್ಲದರ ಮೇಲೂ ಬಿಳಿ ಪುಡಿ. ಕೈಯಲ್ಲಿ ಕಸುಬು ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆ ಕೈಯನ್ನು ಎಲ್ಲಿಗೆ ಬಳಸಬೇಕು ಎಂಬ ಬುದ್ಧಿ ಮಾತ್ರ ಇರಲಿಲ್ಲ.

ಭಾನುವಾರ ಮಧ್ಯಾಹ್ನ ದವಡೆಗಳು ಕಪಾಟಿಗೆ ಸರಿಯುತ್ತಿದ್ದವು, ದಾಳಗಳು ಮೇಜಿಗೆ ಬರುತ್ತಿದ್ದವು. ಗಣಿತದ ಮೇಷ್ಟ್ರು, ಮೆಡಿಕಲ್ ಶಾಪಿನವನು, ಡ್ರೈವಿಂಗ್ ಸ್ಕೂಲಿನ ಮೇಡಂ, ಮೂವರು ಆಟಗಾರರು. ಆಟದ ಕ್ರಮ ಸರಳ. ಪ್ರತಿಯೊಬ್ಬರೂ ಒಂದು ಪಾತ್ರವಾಗುತ್ತಾರೆ, ಒಬ್ಬ ಮಂತ್ರವಾದಿ, ಒಬ್ಬ ಬಿಲ್ಲುಗಾರ, ಒಬ್ಬ ಕಳ್ಳ, ಹೀಗೆ. ಪಾತ್ರಕ್ಕೊಂದು ಪುಟ್ಟ ಬೊಂಬೆ ಮೇಜಿನ ಮೇಲೆ ನಿಲ್ಲುತ್ತದೆ. ಆಟದ ಯಜಮಾನ ಕಥೆ ಹೇಳುತ್ತಾನೆ. ಏಟು ಬಿತ್ತೋ ತಪ್ಪಿತೋ ಎಂದು ದಾಳ ಹೇಳುತ್ತದೆ. ಕಾಡು, ಕೋಟೆ, ಡ್ರ್ಯಾಗನ್ ಎಲ್ಲ ಇರುತ್ತವಂತೆ. ಇರುತ್ತವಂತೆ ಎನ್ನುವುದಕ್ಕೆ ಕಾರಣವಿದೆ. ಬಿರುದಪ್ಪ ಯಜಮಾನನಾದ ಮೇಲೆ ಆ ಮೇಜಿನಲ್ಲಿ ಯಾರೂ ಡ್ರ್ಯಾಗನ್ ಮುಖ ನೋಡಿರಲಿಲ್ಲ. ಹೆಸರುಗಳು ನಿಷ್ಕರ್ಷೆಯಾಗುವ ತನಕ ಆಟ ಶುರು ಮಾಡುವಂತಿಲ್ಲ ಎಂಬುದು ಅವನ ಶಾಸನ.

ಹೆಸರು ಬೇಕಾಗಿದ್ದದ್ದು ದೇವರ ಮೇಲೆ ಆಣೆಯಿಟ್ಟು ಕತ್ತಿ ಹಿಡಿಯುವ ಯೋಧರ ವರ್ಗಕ್ಕೆ. ಹೊರಗಿನ ಪುಸ್ತಕಗಳಲ್ಲಿ ಅವರಿಗೆ ಪ್ಯಾಲಡಿನ್ ಎನ್ನುತ್ತಾರೆ. ಅದನ್ನು ಅವನು ಮೊದಲ ದಿನವೇ ಗಡೀಪಾರು ಮಾಡಿದ. ಆ ಹೆಸರಿನ ಕೆಮ್ಮಿನ ಔಷಧಿ ಇದ್ದರೂ ಇರಬಹುದು ಎಂದು ಮೆಡಿಕಲ್ ಶಾಪಿನವನು ಒಪ್ಪಿಗೆ ಕೊಟ್ಟ. ಧರ್ಮವೀರ ಎಂದಿಡೋಣವೇ? ಚುನಾವಣೆಗೆ ನಿಂತವನ ಪೋಸ್ಟರ್ ಇದ್ದ ಹಾಗಿದೆ, ಬೇಡ. ಪುಣ್ಯಯೋಧ? ಯಾರೋ ತೀರಿಕೊಂಡ ಹಾಗೆ ಕೇಳಿಸುತ್ತದೆ. ದೈವಭಟ? ಭಟ ಎಂದರೆ ಬಾಗಿಲು ಕಾಯುವವನು, ಅವನಿಗೆ ಸಂಬಳ ಎಷ್ಟು ಎಂದು ಮೇಷ್ಟ್ರು ಕೇಳಿದರು. ಹೀಗೆ ಮೊಸರಿನಲ್ಲಿ ಕಲ್ಲು ಹುಡುಕುತ್ತ ಒಂದು ಬೇಸಿಗೆ ಪೂರ್ತಿ ಕಳೆಯಿತು. ಕೊನೆಗೆ 'ವ್ರತವೀರ' ಎಂಬುದು ಸಿಂಹಾಸನ ಏರಿತು. ಆಹಾ, ಇನ್ನೇನು ಆಟ ಶುರುವಾಯಿತು ಎಂದು ಮೂವರೂ ದಾಳ ಕೈಗೆತ್ತಿಕೊಂಡರು.

“ಉಪವರ್ಗಗಳು?” ಎಂದ ಬಿರುದಪ್ಪ.

ಉಪವರ್ಗಗಳು ಆರು. ಆಡಿದ ಮಾತಿಗೆ ಪ್ರಾಣ ಕೊಡುವವನು ನುಡಿಗಾವಲ. ಕತ್ತಲಲ್ಲಿ ಬೆಳಕು ಹಿಡಿಯುವವನು ದೀಪಧಾರಿ. ನ್ಯಾಯ ತೂಗುವವನು ತಕ್ಕಡಿಗ. ಗಾಯಗೊಂಡವರನ್ನು ಬಿಟ್ಟು ಕದಲದವನು ಗಾಯಬಂಧು. ಕಾಡು ಕಾಯುವವನು ವನರಕ್ಷ. ಸೇಡು ತೀರಿಸುವವನು ಹಗೆಹರ. ಒಬ್ಬೊಬ್ಬನಿಗೂ ಒಂದೊಂದು ವ್ರತ, ಒಂದೊಂದು ಲಾಂಛನ. ವ್ರತ ತೊಡುವ ಆಟಗಾರ ಎದ್ದು ನಿಂತು, ಮೇಜಿನ ಮೇಲೆ ಅಂಗೈ ಊರಿ, ಗಟ್ಟಿಯಾಗಿ ಆಣೆ ಮಾಡಬೇಕು. ಮುರಿದರೆ ಅವನ ಬೊಂಬೆಯನ್ನು ಪ್ಲಾಸ್ಟರ್ ಪುಡಿಯ ತಟ್ಟೆಯಲ್ಲಿ ಬೋರಲು ಮಲಗಿಸಿ, ತಪ್ಪು ಸರಿಪಡಿಸುವ ತನಕ ದಾಳ ಕಿತ್ತುಕೊಳ್ಳುವುದು. ಡ್ರೈವಿಂಗ್ ಸ್ಕೂಲಿನ ಮೇಡಂ ಗಾಯಬಂಧುವಿನ ವ್ರತ ತೊಟ್ಟು, ಮೇಷ್ಟ್ರ ಬಿಲ್ಲುಗಾರ ತಾಲೀಮಿನಲ್ಲಿ ಗಾಯಗೊಂಡು ಬಿದ್ದಿದ್ದಾಗ ಫೋನ್ ಬಂತೆಂದು ಎದ್ದು ಹೊರಗೆ ಹೋದಳು. ಬಂದು ನೋಡಿದರೆ ಅವಳ ಬೊಂಬೆ ಪುಡಿಯಲ್ಲಿ ಮುಖ ಹುದುಗಿಸಿಕೊಂಡು ಬಿದ್ದಿತ್ತು. ಮುಂದಿನ ಭಾನುವಾರ ಎದ್ದು ನಿಂತು ಕ್ಷಮೆ ಕೇಳುವ ತನಕ ಬಿರುದಪ್ಪ ಅದನ್ನು ಎತ್ತಲು ಬಿಡಲಿಲ್ಲ. ಕೊಟ್ಟ ಮಾತು ಎಂದರೆ ಮಾತು ಎಂದು ಭಾಷಣ ಬೇರೆ.

ಆ ಭಾಷಣ ಅಡುಗೆಮನೆಗೂ ಕೇಳಿಸುತ್ತಿತ್ತು. ಅಲ್ಲಿ ಅವನ ಅಕ್ಕ ಕೂತಿದ್ದಳು, ಬಾಯಿಗೆ ಕರವಸ್ತ್ರ ಒತ್ತಿಕೊಂಡು.

ಅಕ್ಕ ಬಸ್ ನಿಲ್ದಾಣದ ದನಿ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ಹೊರಟಿತು, ಯಾರ ಮಗು ತಪ್ಪಿಸಿಕೊಂಡು ವಿಚಾರಣೆಯ ಕಿಟಕಿಯ ಹತ್ತಿರ ಅಳುತ್ತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಜನ ಅಭ್ಯಾಸಬಲದಿಂದ ತಮ್ಮ ಚೀಲ ಎತ್ತಿಕೊಳ್ಳುತ್ತಿದ್ದರು. ಅಂಥವಳು ಒಂದು ದಿನ ನಿಲ್ದಾಣದ ಒದ್ದೆ ಮೆಟ್ಟಿಲ ಮೇಲೆ ಜಾರಿ ಮುಗ್ಗರಿಸಿದಳು. ಮೇಲಿನ ಸಾಲಿನ ಮುಂದಿನ ಆರು ಹಲ್ಲು ಹೋದವು. ಹಲ್ಲಿನ ಜೊತೆ ಅರ್ಧ ಅಕ್ಷರಮಾಲೆಯೂ ಹೋಯಿತು. ‘ಸ’ ಎಂದರೆ ಬರಿ ಗಾಳಿ, ‘ತ’ ಎಂದರೆ ತುಂತುರು.

ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಕಚ್ಚುವುದಕ್ಕೆ ಹಲ್ಲೂ ಇಲ್ಲ. ಮೇಲಧಿಕಾರಿ ಅವಳನ್ನು ಬಿಟ್ಟುಹೋದ ಸಾಮಾನುಗಳ ಕೋಣೆಗೆ ಹಾಕಿದ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಅವಳು ಬಾಯಿ ಮುಚ್ಚಿಕೊಂಡು ಕೂತಳು. ಅವಳ ಮೈಕಿಗೆ ತಾತ್ಕಾಲಿಕವಾಗಿ ಟಿಕೆಟ್ ಕೌಂಟರಿನ ಒಬ್ಬ ಹುಡುಗಿಯನ್ನು ಕೂರಿಸಿದರು. ಆ ಹುಡುಗಿ ಬಸ್ಸು ಹೊರಟ ಮೇಲೆ ಬಸ್ಸು ಬಂತೆಂದು ಹೇಳುವವಳು, ಆದರೆ ಬಾಯಿ ತುಂಬ ಹಲ್ಲಿತ್ತು. ಸೋಮವಾರ ಬೆಳಿಗ್ಗೆ ಇಬ್ಬರಿಗೂ ದನಿ ಪರೀಕ್ಷೆ, ಗೆದ್ದವರಿಗೆ ಮೈಕು ಖಾಯಂ ಎಂದು ಮೇಲಧಿಕಾರಿ ಹೇಳಿದ. ಆ ಮೈಕಿನ ಮುಂದೆ ಕೂತಾಗ ಮಾತ್ರ ಲೋಕದಲ್ಲಿ ತಾನೂ ಒಬ್ಬಳಿದ್ದೇನೆ ಎಂದು ಅಕ್ಕನಿಗೆ ಅನಿಸುತ್ತಿತ್ತು. ಅದು ಹೋದರೆ ಉಳಿದ ಆಯುಷ್ಯವೆಲ್ಲ ಒಂಟಿ ಚಪ್ಪಲಿಗಳ ಜೊತೆ.

ಬೇರೆ ಯಾರ ಹತ್ತಿರವಾದರೂ ಹಲ್ಲು ಮಾಡಿಸುತ್ತೇನೆ ಎಂದು ಅವಳು ಮೊದಲೇ ಹೇಳಿದ್ದಳು. ಬಿರುದಪ್ಪ ಮುಖ ಊದಿಸಿಕೊಂಡ.

“ನಾನು ಬದುಕಿರೋವಾಗ ನಿನ್ನ ಬಾಯಿಗೆ ಇನ್ನೊಬ್ಬ ಕೈ ಹಾಕೋದಾ? ಜನ ನನ್ನ ಮುಖಕ್ಕೆ ಏನಂತಾರೆ ಅಕ್ಕಾ? ನಾನು ಮಾಡ್ಕೊಡ್ತೀನಿ. ಮಾತು ಕೊಟ್ಟಿದೀನಿ.”

ಮಾಡಲಿಲ್ಲವೆಂದಲ್ಲ, ಮಾಡಿದ, ಮುಕ್ಕಾಲು ಪಾಲು ಮಾಡಿದ. ಕಿಟಕಿಯ ಬೆಳಕಿನಲ್ಲಿ ಅವಳನ್ನು ಕೂರಿಸಿ, ಬಣ್ಣಬಣ್ಣದ ಮಾದರಿ ಹಲ್ಲುಗಳನ್ನು ತುಟಿಯ ಪಕ್ಕ ಹಿಡಿದು ನೋಡಿ, ತುಸು ಕೆನೆ ಬಣ್ಣದ ಆರು ಹಲ್ಲಿನ ಸೆಟ್ಟು ತರಿಸಿದ. ಮೇಣದ ಮೇಲೆ ಕೂರಿಸಿ ಬಾಯಿಗೆ ಹಾಕಿ ನೋಡು ಎಂದ. ಅಕ್ಕ ಅದನ್ನು ಮೆಲ್ಲಗೆ ಕೂರಿಸಿಕೊಂಡು, ಅಡುಗೆಮನೆಯ ಗೋಡೆಗೆ ಮುಖ ಮಾಡಿ ಒಂದು ಬಸ್ಸನ್ನು ಕೂಗಿದಳು. ‘ಸ’ ಸ್ವಚ್ಛವಾಗಿ ಬಂತು. ‘ತ’ ಠಣ್ಣೆಂದಿತು. ಅವಳಿಗೆ ಕಣ್ಣೀರು ಬಂತು. ಡಾಕ್ಟ್ರಮ್ಮನೂ ನೋಡಿ ಸರಿಯಿದೆ ಎಂದಳು. ಇನ್ನು ಉಳಿದಿದ್ದು ಮೇಣ ಕರಗಿಸಿ, ಗುಲಾಬಿ ಹಿಟ್ಟು ತುಂಬಿ, ಬೇಯಿಸಿ, ಉಜ್ಜಿ ಕೊಡುವುದು. ಅರ್ಧ ದಿನದ ಕೆಲಸ.

ಆ ಅರ್ಧ ದಿನ ಅವನಿಗೆ ಸಿಗಲಿಲ್ಲ. ಕೇಳಿದಾಗಲೆಲ್ಲ ನಾಳೆ. ನಾಳೆ ಕೇಳಿದರೆ, “ಹಗೆಹರ ಅನ್ನೋದು ಸ್ವಲ್ಪ ಒರಟಾಯ್ತು ಅನ್ಸುತ್ತಾ ಅಕ್ಕಾ?” ವ್ರತಸ್ವೀಕಾರದ ದೊಡ್ಡ ಸಮಾರಂಭ ಭಾನುವಾರವಂತೆ, ಆರು ವೀರರ ಹೊಸ ಬೊಂಬೆಗಳು ಅಷ್ಟರೊಳಗೆ ತಯಾರಾಗಬೇಕಂತೆ. ಬೊಂಬೆಗಳನ್ನು ಹಲ್ಲಿನ ಸೆಟ್ಟಿಗೆ ಬಳಸುವ ಅದೇ ಗುಲಾಬಿ ಹಿಟ್ಟಿನಲ್ಲಿ ಎರಕ ಹೊಯ್ದಿದ್ದ. ಆದ್ದರಿಂದ ಲೋಕವನ್ನು ದುಷ್ಟರಿಂದ ಕಾಪಾಡಲು ಹೊರಟ ಆರೂ ವೀರರು ಒಸಡಿನ ಬಣ್ಣದ ನಿಲುವಂಗಿ ತೊಟ್ಟಿದ್ದರು. ನೋಡಿದವರಿಗೆ ಭಕ್ತಿ ಬರುತ್ತಿರಲಿಲ್ಲ, ಬಾಯಿ ತೊಳೆದುಕೊಳ್ಳಬೇಕು ಎನಿಸುತ್ತಿತ್ತು. ಅಕ್ಕ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೆಲಸ ಆಗಬೇಕಾದವಳು ನಾಲಿಗೆ ಬಿಗಿಹಿಡಿದು ಸುಮ್ಮನಿದ್ದಳು.

ಭಾನುವಾರ ಬಂತು. ಮಧ್ಯಾಹ್ನ ಮೂವರೂ ಬಂದು ಕೂತರು. ಅಕ್ಕ ಚಹದ ತಟ್ಟೆ ಹಿಡಿದು ಮುಂದಿನ ಕೋಣೆಗೆ ಹೋದಳು. ಚಹ ಕೊಡುವುದು ನೆಪ. ತನ್ನ ಹಲ್ಲು ಬೇಯಲು ಇಟ್ಟಿದ್ದಾನೋ ಇಲ್ಲವೋ ನೋಡಬೇಕಿತ್ತು. ಒಲೆ ತಣ್ಣಗಿತ್ತು. ಕಪಾಟಿನಲ್ಲಿ ಅವಳ ದವಡೆಯ ಅಚ್ಚು ಇತ್ತು, ಅದರ ಮೇಲೆ ಮೇಣ ಇತ್ತು, ಮೇಣದಲ್ಲಿ ಆರು ಗುಳಿ ಇದ್ದವು.

ಅವಳು ಮೇಜಿನ ಕಡೆ ತಿರುಗಿದಳು. ಆರು ವೀರರು ಸಾಲಾಗಿ ನಿಂತಿದ್ದರು. ಪ್ರತಿಯೊಬ್ಬನ ಎಡಗೈಯಲ್ಲೂ ಒಂದು ಗುರಾಣಿ, ಕೆನೆ ಬಣ್ಣದ್ದು, ಮೇಲೆ ದುಂಡಗೆ, ಹೊಳೆಯುವಂಥದ್ದು. ನುಡಿಗಾವಲನ ಕೈಯಲ್ಲಿದ್ದದ್ದು ಎಲ್ಲಕ್ಕಿಂತ ಅಗಲ. ಮುಂದಿನ ನಡುಹಲ್ಲು.

ತಟ್ಟೆ ಕೆಳಗಿಟ್ಟು ಅಕ್ಕ ಆ ಬೊಂಬೆಯನ್ನು ಎತ್ತಿದಳು. ಹಲ್ಲಿನ ಹೊರಮೈ ಮೇಲೆ ಸೂಕ್ಷ್ಮವಾಗಿ ಒಂದು ಗಂಟೆಯ ಚಿತ್ರ ಕೊರೆದಿತ್ತು. ದೀಪಧಾರಿಯದರಲ್ಲಿ ದೀಪ. ತಕ್ಕಡಿಗನದರಲ್ಲಿ ತಕ್ಕಡಿ.

“ಇದು ನನ್ನ ಹಲ್ಲಲ್ವೇನೋ?” ಎಂದಳು. ಅರ್ಧ ಗಾಳಿಯೇ ಬಂದರೂ ಮೇಜಿನ ಸುತ್ತ ಎಲ್ಲರಿಗೂ ಅರ್ಥವಾಯಿತು.

“ಇವತ್ತೊಂದು ದಿನಕ್ಕೆ ಅಷ್ಟೇ ಅಕ್ಕಾ,” ಎಂದ ಬಿರುದಪ್ಪ, ತಪ್ಪು ಮಾಡಿದವನ ಮುಖವೂ ಅಲ್ಲ ಅದು. “ಪ್ಲಾಸ್ಟರ್ ಗುರಾಣಿ ಮುರಿದು ಮುರಿದು ಬೀಳ್ತಿತ್ತು. ಇದರ ಆಕಾರ ನೋಡು, ಗುರಾಣಿಗೇ ಹೇಳಿ ಮಾಡಿಸಿದ ಹಾಗಿದೆ. ಸಮಾರಂಭ ಮುಗಿದ ಮೇಲೆ ತೆಗೆದು ಕೂರಿಸಿಬಿಡ್ತೀನಿ.”

“ಕೊರೆದಿದೀಯಲ್ಲೋ ಮೇಲೆ!”

“ಲಾಂಛನ ಇಲ್ಲದೆ ಗುರಾಣಿ ಹೇಗಾಗುತ್ತೆ?”

ಬೇರೆ ಸೆಟ್ಟು ಹಾಕು ಎಂದಳು ಅಕ್ಕ. ಮುಂದಿನ ಹಲ್ಲಿನ ಬೇರೆ ಸೆಟ್ಟುಗಳೆಲ್ಲ ಗುರಾಣಿಯ ಪ್ರಯೋಗಕ್ಕೆ ಮೊದಲೇ ಬಲಿಯಾಗಿದ್ದವು. ಡ್ರಾಯರಿನಲ್ಲಿ ಉಳಿದಿದ್ದು ದವಡೆ ಹಲ್ಲು ಮಾತ್ರ. ಭಾನುವಾರ, ಮಾರುವ ಅಂಗಡಿಗೂ ಬೀಗ. ಬೆಳಿಗ್ಗೆ ಪರೀಕ್ಷೆ ಎಂದು ಅಕ್ಕ ಉಳಿದವರಿಗೆ ಹೇಳಿದಳು, ಕರವಸ್ತ್ರ ತೆಗೆದು, ತುಂತುರು ಹಾರಿದರೆ ಹಾರಲಿ ಎಂದು, ಮೊದಲಿಂದ ಕೊನೆಯ ತನಕ. ಮೆಡಿಕಲ್ ಶಾಪಿನವನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟ.

ಡ್ರೈವಿಂಗ್ ಸ್ಕೂಲಿನ ಮೇಡಂ ಎದ್ದು ನಿಂತಳು. ನುಡಿಗಾವಲನನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಪ್ಲಾಸ್ಟರ್ ಪುಡಿಯ ತಟ್ಟೆಯಲ್ಲಿ ಬೋರಲು ಮಲಗಿಸಿದಳು.

“ರೀ, ಏನ್ ಮಾಡ್ತಿದೀರಾ?” ಎಂದ ಬಿರುದಪ್ಪ. “ನಿಯಮ ಆಟಗಾರರಿಗೆ. ನಾನು ಆಟದ ಯಜಮಾನ. ನಾನು ಯಾವ ವ್ರತಾನೂ ತೊಟ್ಟಿಲ್ಲ.”

ನಿಜವೇ. ತಿಂಗಳುಗಟ್ಟಲೆ ಎಲ್ಲರನ್ನೂ ಎಬ್ಬಿಸಿ ಆಣೆ ಹಾಕಿಸಿದವನು ತಾನು ಒಂದು ಸಲವೂ ಕುರ್ಚಿಯಿಂದ ಎದ್ದಿರಲಿಲ್ಲ. ಅಕ್ಕನಿಗೆ ನಗು ಬಂತು, ಕೆಟ್ಟ ನಗು. ಇವನಿಗೆ ಊಟ ಮಾಡಿಸಿ, ತಲೆ ಬಾಚಿ, ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದವಳು ತಾನೇ. ಆಗಲೂ ಹೀಗೇ, ಪಾಠಕ್ಕಿಂತ ಮೊದಲು ಪುಸ್ತಕಕ್ಕೆ ರಟ್ಟು ಹಾಕಬೇಕು, ರಟ್ಟಿನ ಮೇಲೆ ಚಿತ್ರ ಬರೀಬೇಕು ಎಂದು ಹಟ. ಪುಸ್ತಕ ತೆರೆದದ್ದನ್ನು ಅವಳು ನೋಡಿರಲಿಲ್ಲ.

“ಹಾಗಾದ್ರೆ ಈಗ ತೊಡು,” ಎಂದಳು. “ಎದ್ದೇಳು. ಕೈ ಊರು ಮೇಜಿನ ಮೇಲೆ. ಇವತ್ತು ಸಂಜೆ ಒಳಗೆ ನನ್ನ ಬಾಯಲ್ಲಿ ಹಲ್ಲಿರುತ್ತೆ ಅಂತ ಆಣೆ ಮಾಡು.”

ಬಿರುದಪ್ಪ ಸುತ್ತ ನೋಡಿದ. ಯಾರೂ ಅವನ ಪರ ಇರಲಿಲ್ಲ. ಎದ್ದ. ಅಂಗೈ ಊರಿದ. ಆಮೇಲೆ ಕೇಳಿದನಲ್ಲ ಒಂದು ಮಾತು, ಅದನ್ನು ನೆನೆಸಿಕೊಂಡರೆ ಅಕ್ಕನಿಗೆ ಇವತ್ತಿಗೂ ಮೈ ಉರಿಯುತ್ತದೆ.

“ಯಾವ ಉಪವರ್ಗದಲ್ಲಿ?”

“ತಮ್ಮ ಅನ್ನೋ ವರ್ಗದಲ್ಲಿ,” ಎಂದಳು ಅಕ್ಕ. “ಅದಕ್ಕೆ ಉಪವರ್ಗ ಇಲ್ಲ.”

ಆಣೆ ಮಾಡಿದ. ಮಾಡಿದ ಮೇಲೂ ನಂಬುವ ಹಾಗಿರಲಿಲ್ಲವಾದ್ದರಿಂದ ಮೂವರೂ ಕಾವಲಿಗೆ ಕೂತರು. ಮೇಷ್ಟ್ರು ಗುರಾಣಿಗಳನ್ನು ಒಂದೊಂದಾಗಿ ಕಿತ್ತು ಕೊಟ್ಟರು, ಮೇಡಂ ನೀರು ಕುದಿಸಿದಳು, ಮೆಡಿಕಲ್ ಶಾಪಿನವನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡ. ಕೊರೆದ ಗೆರೆಗಳನ್ನು ಉಜ್ಜಿ ತೆಗೆಯೋಣವೆಂದರೆ ಹಲ್ಲು ತೆಳ್ಳಗಾಗಿ ಕೆಡುತ್ತದೆ. ಹಾಗೇ ಕೂರಿಸು ಎಂದಳು ಅಕ್ಕ, ಮೈಕಿಗೆ ಕಣ್ಣಿಲ್ಲ. ಕೆಲಸಕ್ಕೆ ಕೈಯಿಟ್ಟ ಮೇಲೆ ಬಿರುದಪ್ಪನ ಬೆರಳುಗಳು ಚಕಚಕನೆ ಓಡಿದವು. ಅದನ್ನು ನೋಡಿಯೇ ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಬಾರದವನಾಗಿದ್ದರೆ ಕ್ಷಮಿಸಬಹುದಿತ್ತು. ದೀಪ ಹಚ್ಚುವ ಹೊತ್ತಿಗೆ ಹಲ್ಲು ಬಾಯಲ್ಲಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಮೇಲಿನ ಸಾಲಿನಲ್ಲಿ ಗಂಟೆ, ದೀಪ, ತಕ್ಕಡಿ, ಪಟ್ಟಿ ಕಟ್ಟಿದ ಕೈ, ಮರ, ಕತ್ತಿ.

ಸೋಮವಾರ ಬೆಳಿಗ್ಗೆ ಅವಳು ಮೈಕಿನ ಗಾಜಿನ ಕೋಣೆಯಲ್ಲಿ ಕೂತಳು. ಮೇಲಧಿಕಾರಿ ಹೊರಗೆ ಧ್ವನಿವರ್ಧಕದ ಕೆಳಗೆ ಕೈಕಟ್ಟಿ ನಿಂತಿದ್ದ. ಗುಂಡಿ ಒತ್ತಿ, ಉಸಿರು ಎಳೆದು, ಅಕ್ಕ ಮೊದಲನೇ ಬಸ್ಸನ್ನು ಕರೆದಳು. ಅಂಕಣಗಳಲ್ಲಿ ಕೂತಿದ್ದ ಜನ ತಲೆಯೆತ್ತಿ ನೋಡಿದರು. ಗಾಡಿ ತೊಳೆಯುತ್ತಿದ್ದ ಒಬ್ಬ ಕ್ಲೀನರ್ ಪೈಪು ಕೆಳಗೆ ಹಾಕಿ, “ಬಂದ್ರಪ್ಪ ನಮ್ಮಮ್ಮ!” ಎಂದು ಕೂಗಿದ. ಟಿಕೆಟ್ ಕೌಂಟರಿನ ಹುಡುಗಿಯ ಸರದಿ ಬರುವ ತನಕವೂ ಮೇಲಧಿಕಾರಿ ಕಾಯಲಿಲ್ಲ. ಒಳಗೆ ಬಂದು ಆ ಕೋಣೆಯ ಕೀಲಿ ಅವಳ ಕೈಗೆ ಕೊಟ್ಟ. ಅಕ್ಕ ಸಂತೋಷ ತಡೆಯಲಾಗದೆ ನಕ್ಕಳು. ಅವನು ಬಗ್ಗಿ ನೋಡಿದ.

“ಹಲ್ಲಿನ ಮೇಲೆ ಅದೇನಮ್ಮಾ, ತಕ್ಕಡಿ?”

“ನಮ್ಮ ತಮ್ಮನ ಕೈಚಳಕ ಸಾರ್,” ಎಂದು ಅಕ್ಕ ತುಟಿ ಮುಚ್ಚಿದಳು. ಅವತ್ತಿನಿಂದ ಮೈಕಿನ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ಪೂರ್ತಿ ತೆರೆಯಲಿಲ್ಲ. ಚಹ ಕುಡಿದ ಹಾಗೆಲ್ಲ ಗೆರೆಗಳು ಕಪ್ಪಾಗುತ್ತ ಬಂದವು. ಲಾಂಛನಗಳು ಹೆಚ್ಚು ಸ್ಪಷ್ಟವಾದವು. ಬಿರುದಪ್ಪನಿಗೆ ಇದರಿಂದ ಹಿಗ್ಗೋ ಹಿಗ್ಗು. ಮನೆಗೆ ಯಾರಾದರೂ ಬಂದರೆ, “ಅಕ್ಕಾ, ಒಂಚೂರು ನಗು, ಇವರು ನೋಡ್ಲಿ,” ಎನ್ನುತ್ತಿದ್ದ. ಅಕ್ಕ ನಗುತ್ತಿರಲಿಲ್ಲ.

ಸಾದಾ ಸೆಟ್ಟು ಒಂದನ್ನು ತರಿಸಿ ಬೇಗ ಹೊಸದಾಗಿ ಮಾಡಿಕೊಡುತ್ತೇನೆ ಎಂದು ಅವನೇ ಹೇಳಿದ್ದ. ಹಾಗೆ ಹೇಳುವಾಗ ಕಣ್ಣಲ್ಲಿ ನೀರೂ ಬಂದಿತ್ತು. ಅಕ್ಕ ನಂಬಿದಳು, ಒಡಹುಟ್ಟಿದವನಲ್ಲವೇ, ಎಷ್ಟು ಸಲ ಕೈಕೊಟ್ಟರೂ ಇನ್ನೊಂದು ಸಲ ನಂಬಿಸಿಕೊಂಡು ಬಿಡುತ್ತಾನೆ. ಸೆಟ್ಟು ಬಂತು. ಮೇಣ ಮೆತ್ತಿದ್ದೂ ಆಯಿತು. ಬೇಯಿಸುವುದು ನಾಳೆ, ನಾಳೆ, ನಾಳೆ.

ಒಂದು ಭಾನುವಾರ ಬೆಳಿಗ್ಗೆ, ಆಟಗಾರರು ಇನ್ನೂ ಬಂದಿರಲಿಲ್ಲ, ಅವನು ಅಡುಗೆಮನೆಗೆ ಬಂದ. ಮುಖ ಅರಳಿತ್ತು. ಬೆನ್ನ ಹಿಂದೆ ಏನೋ ಹಿಡಿದಿದ್ದ.

“ಅಕ್ಕಾ, ನಿನಗೆ ನಾನು ಅನ್ಯಾಯ ಮಾಡಿದೆ. ಬಹಳ ಯೋಚನೆ ಮಾಡಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಅದಕ್ಕೇ ನಿನ್ನ ಗೌರವಕ್ಕೆ ಏಳನೇ ಉಪವರ್ಗ ಮಾಡಿದೀನಿ. ಸ್ವರವ್ರತೆ! ದಾರಿ ತಪ್ಪಿದವರನ್ನ ತನ್ನ ದನಿಯಿಂದ ಮನೆ ಮುಟ್ಟಿಸುವವಳು. ಹೇಗಿದೆ ಹೆಸರು?”

ಅವನು ಕೈ ಮುಂದೆ ಚಾಚಿದ. ಗುಲಾಬಿ ನಿಲುವಂಗಿಯ ಒಂದು ಹೆಣ್ಣು ಬೊಂಬೆ. ಮೂಗು ಅಕ್ಕನದೇ, ನಿಲುವೂ ಅವಳದೇ, ಅಚ್ಚುಕಟ್ಟಾಗಿತ್ತು. ಹೆಸರು ನಿಜಕ್ಕೂ ಚೆನ್ನಾಗಿತ್ತು, ಒಂದು ಗಳಿಗೆ ಅಕ್ಕನ ಮನಸ್ಸು ಕರಗಿತು. ತನ್ನನ್ನು ಇಷ್ಟು ಚೆನ್ನಾಗಿ ನೋಡಬಲ್ಲವನಿಗೆ ತನ್ನ ಕಷ್ಟ ಯಾಕೆ ಕಾಣುವುದಿಲ್ಲ ಎಂದುಕೊಂಡಳು. ಆಮೇಲೆ ಬೊಂಬೆಯನ್ನು ಕೈಗೆ ತೆಗೆದುಕೊಂಡಾಗ ಅದರ ಎಡಗೈ ಕಡೆ ಕಣ್ಣು ಹೋಯಿತು.

“ಈ ಗುರಾಣಿ ಎಲ್ಲಿಂದ ಬಂತು?”

ಬಿರುದಪ್ಪ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡಿದ.

“ಕೇಳಿದ್ದು ನಿನ್ನನ್ನೇ.”

“ಹೊಸ ಸೆಟ್ಟು ಬಂದಿತ್ತಲ್ಲ ಅಕ್ಕಾ,” ಎಂದ. “ಒಂದೇ ಒಂದು ತಗೊಂಡೆ.”

ಅಕ್ಕ ಕೂಗಾಡಲಿಲ್ಲ. ಬೊಂಬೆಯನ್ನು ಅವನ ಕೈಗೇ ವಾಪಸ್ ಕೊಟ್ಟು, ಪಾತ್ರೆ ತೊಳೆದು ಮುಗಿಸಿದಳು. ಮಾರನೇ ದಿನ ಕೆಲಸ ಮುಗಿದ ಮೇಲೆ ನಿಲ್ದಾಣದ ಹಿಂದಿನ ರಸ್ತೆಯಲ್ಲಿದ್ದ ಇನ್ನೊಬ್ಬ ಹಲ್ಲು ಮಾಡುವವನ ಅಂಗಡಿಗೆ ಹೋದಳು. ಇಕ್ಕಟ್ಟಿನ ಕೋಣೆ, ಅದೇ ಬಿಳಿ ಪುಡಿ, ಅದೇ ಮೇಣದ ವಾಸನೆ, ಮೇಜಿನ ಮೇಲೆ ದವಡೆ ಬಿಟ್ಟು ಬೇರೇನೂ ಇಲ್ಲ. ಅವನು ದೀಪ ಎಳೆದು ಅವಳ ಬಾಯೊಳಗೆ ನೋಡಿದ. ಗಂಟೆ, ದೀಪ, ತಕ್ಕಡಿ ಎಲ್ಲವನ್ನೂ ನೋಡಿದ, ಏನೂ ಕೇಳಲಿಲ್ಲ. ವಾರದೊಳಗೆ ಕೊಡ್ತೀನಿ ಎಂದ. ಆಮೇಲೆ ಅವಳ ದನಿಯ ಗುರುತು ಹತ್ತಿ ಕತ್ತು ಕೆರೆದುಕೊಂಡ.

“ನಿಮ್ಮ ತಮ್ಮನೂ ಇದೇ ಕೆಲಸ ಅಲ್ವೇನಮ್ಮಾ?”

“ಅಲ್ಲಪ್ಪ,” ಎಂದಳು ಅಕ್ಕ. “ಅವನು ಬರಿ ಹೆಸರಿಡ್ತಾನೆ.”